ಹೆಪಟೈಟಿಸ್ ಎ: ಸೋಂಕು ತಗ್ಗಿದ ಕಡೆ ಹೆಚ್ಚುವ ಕಾಯಿಲೆ

ಹೆಪಟೈಟಿಸ್ ಎ ಯಕೃತ್ತಿಗೆ ತಗಲುವ ಸೋಂಕು. ಸೋಂಕಿತರ ಮಲದೊಂದಿಗೆ ಹೊರಬಿದ್ದ ವೈರಸ್ ಕುಡಿಯುವ ನೀರು, ತಿನ್ನುವ ಆಹಾರ ಇಲ್ಲವೇ ಸರಿಯಾಗಿ ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತದೆ. ಮೊದಲು ಜ್ವರ, ವಾಕರಿಕೆ, ಅನ್ನ ಕಂಡರೆ ಅಸಹ್ಯ. ನಾಲ್ಕಾರು ದಿನಗಳಲ್ಲಿ ಮೂತ್ರ ಕಡುಹಳದಿಗೆ ತಿರುಗುತ್ತದೆ, ಕಣ್ಣಿನ ಬಿಳಿಭಾಗ ಅರಿಶಿನ ಬಣ್ಣಕ್ಕೆ ಬರುತ್ತದೆ. ಜನ ಕಾಮಾಲೆ, ಕಾಮಣಿ, ಜಾಂಡೀಸ್ ಎಂದೆಲ್ಲ ಹೇಳುವ ತೊಂದರೆಗೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಮೈಯಲ್ಲಿ ವರ್ಷಗಟ್ಟಲೆ ಉಳಿದು ಯಕೃತ್ತನ್ನು ನಿಧಾನವಾಗಿ ಕೆಡಿಸಬಲ್ಲವು. ಎ ಹಾಗೆ ಮನೆ ಮಾಡಿಕೊಳ್ಳುವುದಿಲ್ಲ. ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಒಮ್ಮೆ ಬಂದು ಹೋದವರಿಗೆ ಜೀವನಪರ್ಯಂತ ಮತ್ತೆ ಬರುವುದಿಲ್ಲ.

ಈ ಸೋಂಕಿಗೆ ಇನ್ನೊಂದು ಗುಣವಿದೆ. ಅದು ಎಷ್ಟು ಕಾಡುತ್ತದೆ ಎಂಬುದು ಬಂದ ವಯಸ್ಸನ್ನು ಅವಲಂಬಿಸಿದೆ. ಆರು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಸೋಂಕು ಬಂದದ್ದೇ ತಿಳಿಯುವುದಿಲ್ಲ. ಉಳಿದವರಲ್ಲೂ ಬಹುಪಾಲು ಮಕ್ಕಳಿಗೆ ಎರಡು ದಿನದ ಹೊಟ್ಟೆನೋವು, ಮೈ ಬಿಸಿ; ಕಾಮಾಲೆಯ ಬಣ್ಣ ಕಾಣುವುದು ಕೆಲವರಲ್ಲಿ ಮಾತ್ರ. ವಯಸ್ಕರಲ್ಲಿ ಲೆಕ್ಕ ತಿರುವುಮುರುವು. ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ, ಕೆಲಸ ಬಿಟ್ಟು ವಾರಗಟ್ಟಲೆ ಮಲಗಬೇಕಾಗುತ್ತದೆ. ಸಾವಿನ ಪ್ರಮಾಣವೂ ಹೀಗೆಯೇ ಏರುತ್ತದೆ. ಕಾಯಿಲೆ ಬಿದ್ದ ಮಕ್ಕಳಲ್ಲಿ ಸಾಯುವವರು ಸಾವಿರಕ್ಕೆ ಸುಮಾರು ಒಬ್ಬರಾದರೆ, ನಲವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು ಇಬ್ಬರು. ಮೊದಲೇ ಯಕೃತ್ತಿನ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಜಗತ್ತಿನಲ್ಲಿ ಹಲವು ದಶಕಗಳಿಂದ ಹೆಪಟೈಟಿಸ್ ಎ ಸಾಗಿಬಂದ ದಾರಿಯನ್ನು ಅರಿಯಲು ಮುಖ್ಯವಾಗಿ ಬೇಕಾದದ್ದು ವಯಸ್ಸಿನ ಈ ಲೆಕ್ಕ.

ಸೋಂಕಿನಿಂದ ಬರುವ ಕಾಮಾಲೆಯನ್ನು ವೈದ್ಯರು ಬಹು ಹಿಂದೆಯೇ ಗುರುತಿಸಿದ್ದರು. ದಂಡು ಬೀಡುಬಿಟ್ಟಲ್ಲೆಲ್ಲ ಅದು ಸೈನಿಕರನ್ನು ಕಾಡುತ್ತಿತ್ತು. ನೀರು, ಆಹಾರದಿಂದ ಹರಡುವ ಬಗೆಗೂ ರಕ್ತದಿಂದ ಹರಡುವ ಬಗೆಗೂ ಎ ಮತ್ತು ಬಿ ಎಂಬ ಹೆಸರುಗಳನ್ನು 1947ರಲ್ಲಿ ಸೂಚಿಸಿದವರು ಬ್ರಿಟನ್ನಿನ ವೈದ್ಯ ಮ್ಯಾಕ್‌ಕ್ಯಾಲಂ. ವೈರಸ್ ಕಣ್ಣಿಗೆ ಬೀಳಲು ಮತ್ತೆ ಕಾಲು ಶತಮಾನ ಹಿಡಿಯಿತು. 1973ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಫೈನ್‌ಸ್ಟೋನ್, ಕಪಿಕಿಯನ್ ಮತ್ತು ಪರ್ಸೆಲ್ ರೋಗಿಗಳ ಮಲದ ಮಾದರಿಯಲ್ಲಿ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಅದು ಸುಮಾರು 27 ನ್ಯಾನೊಮೀಟರ್ ಅಡ್ಡಳತೆಯ ಕಣ. ಪೋಲಿಯೊ ವೈರಸ್ಸಿನ ಕುಟುಂಬಕ್ಕೆ ಸೇರಿದ್ದು. ನೀರಿನಲ್ಲೂ ಮಣ್ಣಿನಲ್ಲೂ ವಾರಗಟ್ಟಲೆ, ಅನುಕೂಲವಾದ ಕಡೆ ತಿಂಗಳುಗಟ್ಟಲೆ ಉಳಿಯಬಲ್ಲದು. ಜಠರದ ಆಮ್ಲ ಅದನ್ನು ಕೊಲ್ಲುವುದಿಲ್ಲ, ಶೈತ್ಯಪೆಟ್ಟಿಗೆಯ ಚಳಿಯೂ ಕೊಲ್ಲುವುದಿಲ್ಲ. ನೀರನ್ನು ಕುದಿಸಿದರೆ ಮತ್ತು ಸಾಕಷ್ಟು ಕ್ಲೋರಿನ್ ಬೆರೆಸಿದರೆ ನಾಶವಾಗುತ್ತದೆ.

1973ರ ಶೋಧದಿಂದಾದ ದೊಡ್ಡ ಉಪಯೋಗವೆಂದರೆ ರಕ್ತಪರೀಕ್ಷೆ. ಸೋಂಕು ಬಂದು ಹೋದವರ ರಕ್ತದಲ್ಲಿ ಆ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಉಳಿದಿರುತ್ತವೆ. ಒಂದು ಊರಿನ ಬೇರೆ ಬೇರೆ ವಯಸ್ಸಿನವರ ರಕ್ತವನ್ನು ಪರೀಕ್ಷಿಸಿದರೆ, ಎಷ್ಟು ಮಂದಿಗೆ ಯಾವ ಪ್ರಾಯದಲ್ಲಿ ಸೋಂಕು ತಗಲಿತ್ತೆಂದು ತಿಳಿಯುತ್ತದೆ. ಕಾಮಾಲೆ ಆದವರನ್ನಷ್ಟೇ ಎಣಿಸಿದರೆ ಸಿಗದ ಲೆಕ್ಕ ಇದು. ಇದನ್ನೇ ಆಧಾರವಾಗಿಟ್ಟುಕೊಂಡು ವಿಶ್ವ ಆರೋಗ್ಯ ಸಂಸ್ಥೆ ಪ್ರದೇಶಗಳನ್ನು ವಿಂಗಡಿಸುತ್ತದೆ. ಹತ್ತು ವರ್ಷ ತುಂಬುವುದರೊಳಗೆ ನೂರಕ್ಕೆ 90ರಷ್ಟು ಮಕ್ಕಳಿಗೆ ಸೋಂಕು ಬಂದು ಹೋಗಿದ್ದರೆ ಅದು ಹೆಚ್ಚು ಸೋಂಕಿನ ಪ್ರದೇಶ. ಹತ್ತರ ಹೊತ್ತಿಗೆ ಅಷ್ಟು ಆಗದೆ, ಹದಿನೈದರ ಹೊತ್ತಿಗೆ ಅರ್ಧದಷ್ಟಾದರೂ ಮಂದಿಗೆ ಆಗಿದ್ದರೆ ಮಧ್ಯಮ. ಹದಿನೈದರಲ್ಲಿ ಅರ್ಧಕ್ಕೂ ಕಡಿಮೆಯಿದ್ದು ಮೂವತ್ತರ ಹೊತ್ತಿಗೆ ಅರ್ಧ ಮುಟ್ಟಿದರೆ ಕಡಿಮೆ. ಮೂವತ್ತು ವರ್ಷವಾದರೂ ಅರ್ಧದಷ್ಟು ಮಂದಿಗೆ ಸೋಂಕು ಬಂದಿಲ್ಲವೆಂದರೆ ಅತಿ ಕಡಿಮೆ.

ಈ ನಾಲ್ಕು ಹಂತಗಳಲ್ಲಿ ಮೊದಲನೆಯದರಲ್ಲಿ ಕಾಯಿಲೆ ಬಹಳ ಇರಬೇಕು, ಕೊನೆಯದರಲ್ಲಿ ತೀರ ಕಡಿಮೆ ಇರಬೇಕು ಎಂದು ತೋರುವುದು ಸಹಜ. ಎರಡನೆಯ ಮಾತು ನಿಜ, ಮೊದಲನೆಯದು ನಿಜವಲ್ಲ. ನೈರ್ಮಲ್ಯ ತೀರ ಕೆಟ್ಟಿರುವ ಕಡೆ ಕೂಸುಗಳು ಅಂಬೆಗಾಲಿಡುವ ಹೊತ್ತಿಗೇ ಸೋಂಕು ಪಡೆದು, ಲಕ್ಷಣವೇ ಇಲ್ಲದೆ ದಾಟಿಬಿಡುತ್ತವೆ. ದೊಡ್ಡವರೆಲ್ಲರಿಗೂ ರಕ್ಷಣೆ ಇರುವುದರಿಂದ ದೊಡ್ಡ ಪಿಡುಗು ಏಳುವುದಿಲ್ಲ. ನೀರು, ಶೌಚಾಲಯ ಸುಧಾರಿಸಿದ ಹಾಗೆ ಸೋಂಕು ಮಗುವನ್ನು ತಲುಪುವುದು ತಡವಾಗುತ್ತದೆ. ಅರ್ಧಂಬರ್ಧ ಸುಧಾರಿಸಿದ ಊರಿನಲ್ಲಿ ವೈರಸ್ ಇನ್ನೂ ಓಡಾಡುತ್ತಿರುತ್ತದೆ, ರಕ್ಷಣೆ ಇಲ್ಲದ ಹರೆಯದವರೂ ತುಂಬಿರುತ್ತಾರೆ. ಲೆಕ್ಕಕ್ಕೆ ಹೇಳುವುದಾದರೆ, ಸಾವಿರ ಎಳೆಯ ಮಕ್ಕಳಿಗೆ ಸೋಂಕು ಬಂದರೆ 700 ಮಕ್ಕಳು ಆರಾಮವಾಗಿಯೇ ಇರುತ್ತಾರೆ, ಕಾಮಾಲೆ ಆಗುವುದು ಬೆರಳೆಣಿಕೆಯ ಪಾಲಿಗೆ. ಸೋಂಕು ಅರ್ಧಕ್ಕೆ ಇಳಿದು, ಆ 500 ಮಂದಿ ವಯಸ್ಕರಾಗಿದ್ದರೆ ಅವರಲ್ಲಿ 350ಕ್ಕೂ ಹೆಚ್ಚು ಮಂದಿ ಕಾಮಾಲೆಯಿಂದ ಮಲಗುತ್ತಾರೆ. ಸೋಂಕು ಅರ್ಧವಾಯಿತು, ಆಸ್ಪತ್ರೆಯ ಸಾಲು ಬೆಳೆಯಿತು. ಹೆಪಟೈಟಿಸ್ ಎ ವಿಷಯದಲ್ಲಿ ಜಗತ್ತಿನ ಬಹುಭಾಗ ಕಳೆದ ಅರ್ಧ ಶತಮಾನದಲ್ಲಿ ಹಾದುಬಂದದ್ದು, ಇಲ್ಲವೇ ಈಗ ಹಾದುಹೋಗುತ್ತಿರುವುದು ಈ ಮಧ್ಯದ ಹಂತವನ್ನು.

ಈ ಹಂತವನ್ನು ಮೊದಲು ದಾಟಿದ್ದು ಉತ್ತರ ಯೂರೋಪ್. ಕೊಳಾಯಿ ನೀರು, ಒಳಚರಂಡಿ, ಮಲಿನ ನೀರಿನ ಸಂಸ್ಕರಣೆ ಅಲ್ಲಿ ಬೇಗ ನೆಲೆಯಾದವು. ಸ್ಕ್ಯಾಂಡಿನೇವಿಯದ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಸೋಂಕು ಅಪರೂಪವಾಗತೊಡಗಿತು. ಜಪಾನಿನಲ್ಲಿ ಎರಡನೆಯ ಮಹಾಯುದ್ಧದ ಕಾಲ ಒಂದು ಗೆರೆ ಎಳೆದಂತಿದೆ. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಬಹುಪಾಲು ಜನರ ರಕ್ತದಲ್ಲಿ ಪ್ರತಿಕಾಯಗಳಿದ್ದವು, ಆಮೇಲೆ ಹುಟ್ಟಿದವರಲ್ಲಿ ಬಹಳ ಕಡಿಮೆ. ದಶಕಕ್ಕೊಮ್ಮೆ ಮಾಡಿದ ಸಮೀಕ್ಷೆಗಳಲ್ಲಿ ಆ ಗೆರೆ ಹಾಗೆಯೇ ಮುಂದಿನ ವಯಸ್ಸಿಗೆ ಸರಿಯುತ್ತ ಹೋಯಿತು. ದಕ್ಷಿಣ ಯೂರೋಪ್ ಅದೇ ಹಾದಿಯಲ್ಲಿ ತುಸು ತಡವಾಗಿ ನಡೆಯಿತು. ಆಮೇಲಿನ ಸರದಿ ಪೂರ್ವ ಏಷ್ಯ ಮತ್ತು ಲ್ಯಾಟಿನ್ ಅಮೆರಿಕದ್ದು.

ಮಧ್ಯದ ಹಂತ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಶಾಂಘೈ ತೋರಿಸಿತು. 1988ರ ಮೊದಲ ತಿಂಗಳುಗಳಲ್ಲಿ ಆ ಒಂದು ನಗರದಲ್ಲಿ ಸುಮಾರು 3 ಲಕ್ಷ ಜನ ಹೆಪಟೈಟಿಸ್ ಎ ಕಾಯಿಲೆಗೆ ಬಿದ್ದರು. ದಾಖಲೆಯಾದ ಹೆಪಟೈಟಿಸ್ ಎ ಪಿಡುಗುಗಳಲ್ಲಿ ಇದೇ ಅತಿ ದೊಡ್ಡದು. ಮೂಲ ಒಂದು ಬಗೆಯ ಚಿಪ್ಪುಮೀನು. ಕರ್ನಾಟಕದ ಕರಾವಳಿಯಲ್ಲಿ ಮರುವಾಯಿ, ಬಳಚು ಎಂದು ಮಾರುವ ಜೀವಿಗಳಂತೆ ಎರಡು ಚಿಪ್ಪಿನ ನಡುವೆ ಮಾಂಸವಿರುವ ಪ್ರಾಣಿ ಅದು. ಇಂಥ ಪ್ರಾಣಿಗಳು ಹೊಟ್ಟೆ ತುಂಬಿಸಿಕೊಳ್ಳಲು ದಿನವಿಡೀ ನೀರನ್ನು ಸೋಸುತ್ತವೆ. ನೀರಿಗೆ ಮಲ ಸೇರಿದ್ದರೆ ವೈರಸ್ ಅವುಗಳ ಮೈಯಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಆ ಚಿಪ್ಪುಗಳು ಬಂದದ್ದು ಶಾಂಘೈಗೆ ಹತ್ತಿರದ ಚಿದೋಂಗ್ ಕರಾವಳಿಯಿಂದ. ಅಲ್ಲಿನ ನೀರಿಗೆ ಕೊಳಚೆ ಸೇರುತ್ತಿತ್ತು. ಶಾಂಘೈ ಅಡುಗೆಮನೆಗಳ ರೂಢಿಯಂತೆ ಚಿಪ್ಪುಗಳ ಮೇಲೆ ಕುದಿನೀರು ಸುರಿದು, ಬಾಯಿ ತುಸು ತೆರೆದ ಕೂಡಲೇ ಒಳಗಿನ ಹಸಿ ಮಾಂಸವನ್ನು ಮಸಾಲೆಯಲ್ಲಿ ಅದ್ದಿ ತಿನ್ನುತ್ತಿದ್ದರು. ವೈರಸ್ ಸಾಯಬೇಕಾದರೆ ಮಾಂಸದ ಒಳಭಾಗದ ಬಿಸಿ 85ರಿಂದ 90 ಡಿಗ್ರಿ ಮುಟ್ಟಿ ಒಂದೆರಡು ನಿಮಿಷ ನಿಲ್ಲಬೇಕು. ಆ ಒಂದು ಸುರಿಯುವಿಕೆಯಲ್ಲಿ ಒಳಗೆ ಅಷ್ಟು ಬಿಸಿ ಏರುತ್ತಿರಲಿಲ್ಲ. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಇಪ್ಪತ್ತರಿಂದ ನಲವತ್ತರ ನಡುವಿನ ವಯಸ್ಸಿನವರು. ಹಿಂದಿನ ತಲೆಮಾರಿನವರಾಗಿದ್ದರೆ ಅದೇ ಚಿಪ್ಪನ್ನು ತಿಂದೂ ಬಹುಪಾಲು ಮಂದಿ ಆರಾಮವಾಗಿ ಇರುತ್ತಿದ್ದರು. ಕಿರಿಯರಿಗೆ ಬಾಲ್ಯದ ಸೋಂಕು ತಪ್ಪಿತ್ತು, ಚರಂಡಿಯ ನೀರು ಕಡಲಿಗೆ ಸೇರುವುದು ತಪ್ಪಿರಲಿಲ್ಲ.

ದಕ್ಷಿಣ ಕೊರಿಯ ಇದೇ ಪಾಠವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳುತ್ತದೆ. 1980ರ ದಶಕದವರೆಗೂ ಅಲ್ಲಿ ಹರೆಯಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಿಗೂ ರಕ್ಷಣೆ ಇರುತ್ತಿತ್ತು. ದೇಶ ಶ್ರೀಮಂತವಾಯಿತು, ಮಕ್ಕಳಲ್ಲಿ ಸೋಂಕು ಕಾಣದಾಯಿತು. ಹಾಗೆ ಬೆಳೆದ ಮಕ್ಕಳು ದುಡಿಯುವ ವಯಸ್ಸಿಗೆ ಬಂದಾಗ, 2009ರಲ್ಲಿ ಸುಮಾರು 15 ಸಾವಿರ ಪ್ರಕರಣಗಳು ವರದಿಯಾದವು. ಹೆಚ್ಚಿನವರು ಇಪ್ಪತ್ತು, ಮೂವತ್ತರ ಹರೆಯದವರು. ಹತ್ತು ವರ್ಷದ ನಂತರ, 2019ರಲ್ಲಿ 17 ಸಾವಿರಕ್ಕೂ ಹೆಚ್ಚು. ಈ ಬಾರಿ ಮೂವತ್ತು, ನಲವತ್ತರವರು. ರಕ್ಷಣೆ ಇಲ್ಲದ ಅದೇ ತಲೆಮಾರು ಹತ್ತು ವರ್ಷ ಹಿರಿದಾಗಿತ್ತು. ಎರಡನೆಯ ಬಾರಿ ಮೂಲವೆಂದು ಪತ್ತೆಯಾದದ್ದು ಉಪ್ಪಿನಲ್ಲಿ ಹಾಕಿಟ್ಟ, ಬೇಯಿಸದ ಚಿಪ್ಪುಮಾಂಸ.

ಚರಿತ್ರೆಯ ಈ ಓಟಕ್ಕೆ ತಡೆ ಹಾಕಿದ್ದು ಲಸಿಕೆ. ವೈರಸ್ಸನ್ನು ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿ ತಯಾರಿಸಿದ ಲಸಿಕೆಗಳು 1990ರ ದಶಕದ ಆರಂಭದಲ್ಲಿ ಬಂದವು. ಥಾಯ್ಲೆಂಡಿನಲ್ಲಿ ಸುಮಾರು 40 ಸಾವಿರ ಮಕ್ಕಳ ಮೇಲೆ ನಡೆದ ಪರೀಕ್ಷೆ, ನ್ಯೂಯಾರ್ಕ್ ರಾಜ್ಯದ ಒಂದು ಸಮುದಾಯದ ಸುಮಾರು ಸಾವಿರ ಮಕ್ಕಳ ಮೇಲೆ ನಡೆದ ಪರೀಕ್ಷೆ, ಎರಡರಲ್ಲೂ ರಕ್ಷಣೆ ನೂರಕ್ಕೆ 90 ದಾಟಿತು. ಚೀನ ತನ್ನದೇ ಆದ, ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆಯನ್ನು ತಯಾರಿಸಿಕೊಂಡಿತು. ನಿಷ್ಕ್ರಿಯ ಲಸಿಕೆಯನ್ನು ಸಾಮಾನ್ಯವಾಗಿ ಎರಡು ಬಾರಿ ಕೊಡುತ್ತಾರೆ, ಜೀವಂತ ಲಸಿಕೆಯನ್ನು ಒಂದು ಬಾರಿ.

ಎಲ್ಲ ಮಕ್ಕಳಿಗೂ ಈ ಲಸಿಕೆ ಕೊಡಲು ಮೊದಲು ಮುಂದಾದ ದೇಶ ಇಸ್ರೇಲ್, ವರ್ಷ 1999. ಅದಕ್ಕೆ ಮುಂಚೆ ವರ್ಷಕ್ಕೆ ಪ್ರತಿ ಲಕ್ಷ ಜನರಲ್ಲಿ ಸುಮಾರು 50 ಮಂದಿಗೆ ಕಾಯಿಲೆ ಬರುತ್ತಿತ್ತು. 2002ರ ಹೊತ್ತಿಗೆ ಅದು ಎರಡೂವರೆಯ ಒಳಗೆ ಬಂತು. ಲಸಿಕೆ ಪಡೆದವರು ಒಂದೂವರೆ, ಎರಡು ವರ್ಷದ ಕೂಸುಗಳು ಮಾತ್ರ. ಆದರೆ ಕಾಯಿಲೆ ಕಡಿಮೆಯಾದದ್ದು ಎಲ್ಲ ವಯಸ್ಸಿನವರಲ್ಲಿ. ತಮಗೆ ಏನೂ ಆಗದೆ ಮನೆಮಂದಿಗೆಲ್ಲ ಸೋಂಕು ಹಂಚುತ್ತಿದ್ದವರು ಎಳೆಯ ಮಕ್ಕಳೇ ಎಂಬುದು ಇದರಿಂದ ಖಚಿತವಾಯಿತು. ಅರ್ಜೆಂಟಿನದಲ್ಲಿ ಮಕ್ಕಳ ಯಕೃತ್ತು ಹಠಾತ್ತನೆ ಕೈಕೊಡಲು ಹೆಪಟೈಟಿಸ್ ಎ ಮುಖ್ಯ ಕಾರಣವಾಗಿತ್ತು. 2003-04ರಲ್ಲಿ ದೊಡ್ಡ ಪಿಡುಗು ಎದ್ದ ಮೇಲೆ, 2005ರಿಂದ ಒಂದು ವರ್ಷ ತುಂಬಿದ ಮಕ್ಕಳಿಗೆ ಒಂದೇ ಡೋಸ್ ಕೊಡುವ ಕ್ರಮ ಬಂತು. ಈ ಕಾಯಿಲೆಯಿಂದ ಮಕ್ಕಳಿಗೆ ಯಕೃತ್ತಿನ ಕಸಿ ಮಾಡಬೇಕಾದ ಸಂದರ್ಭ ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಒಂದು ಡೋಸ್ ಸಾಕಾಗಬಲ್ಲದು ಎಂಬ ತಿಳಿವು ಕಡಿಮೆ ಹಣದ ದೇಶಗಳಿಗೆ ಅರ್ಜೆಂಟಿನದ ಕೊಡುಗೆ. ಚೀನದಲ್ಲಿ 1990ರ ದಶಕದ ಆರಂಭದಲ್ಲಿ ಪ್ರತಿ ಲಕ್ಷಕ್ಕೆ 50 ದಾಟಿದ್ದ ಪ್ರಮಾಣ ಲಸಿಕೆ ಮತ್ತು ನೈರ್ಮಲ್ಯ ಎರಡರಿಂದಲೂ ಇಳಿಯುತ್ತ ಬಂತು. 2008ರಲ್ಲಿ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದ ಮೇಲೆ ಅದು ಇನ್ನೂ ತಳಕ್ಕೆ ಹೋಯಿತು.

ಅಮೆರಿಕದ ಕಥೆಗೆ ಏರುವ, ಇಳಿಯುವ, ಮತ್ತೆ ಏರುವ ಮೂರು ಮಜಲುಗಳಿವೆ. 1971ರಲ್ಲಿ ಅಲ್ಲಿ 59 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. 1995ರಲ್ಲಿ ಲಸಿಕೆಗೆ ಅನುಮತಿ ಸಿಕ್ಕಾಗಲೂ ವರ್ಷಕ್ಕೆ 30 ಸಾವಿರ ದಾಟುತ್ತಿತ್ತು. 1999ರಲ್ಲಿ ಸೋಂಕು ಹೆಚ್ಚಿದ್ದ ರಾಜ್ಯಗಳ ಮಕ್ಕಳಿಗೆ, 2006ರಲ್ಲಿ ದೇಶದ ಎಲ್ಲ ಮಕ್ಕಳಿಗೆ ಲಸಿಕೆ ಶಿಫಾರಸಾಯಿತು. 2011ರಲ್ಲಿ ಇಡೀ ದೇಶದಲ್ಲಿ ವರದಿಯಾದದ್ದು 1,398 ಪ್ರಕರಣಗಳು. ಅಲ್ಲಿಗೆ ಮುಗಿಯಿತೆಂದು ತೋರಿತ್ತು. 2016ರಿಂದ ಸೋಂಕು ಮತ್ತೆ ತಲೆಯೆತ್ತಿತು. ಈ ಸಲ ನೀರಿನಿಂದಲ್ಲ, ಆಹಾರದಿಂದಲೂ ಅಲ್ಲ. ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ. ಸಿಕ್ಕಿಬಿದ್ದವರು ಬೀದಿಯಲ್ಲಿ ಬದುಕುವವರು ಮತ್ತು ಮಾದಕ ದ್ರವ್ಯ ಬಳಸುವವರು. 2017ರಲ್ಲಿ ಸ್ಯಾನ್ ಡಿಯಾಗೊ ನಗರ ಪಾದಚಾರಿ ಮಾರ್ಗಗಳಲ್ಲಿ ಕೈತೊಳೆಯುವ ತೊಟ್ಟಿಗಳನ್ನಿಟ್ಟು, ಬ್ಲೀಚ್ ಬೆರೆಸಿದ ನೀರಿನಿಂದ ಬೀದಿಗಳನ್ನು ತೊಳೆಸಬೇಕಾಯಿತು. ಮುಂದಿನ ವರ್ಷಗಳಲ್ಲಿ 37 ರಾಜ್ಯಗಳಿಗೆ ಹಬ್ಬಿದ ಈ ಸರಣಿಯಲ್ಲಿ 44 ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದು, 400ಕ್ಕೂ ಹೆಚ್ಚು ಮಂದಿ ಸತ್ತರು. ಮಕ್ಕಳಿಗೆ ಲಸಿಕೆ ಸಿಕ್ಕಿತ್ತು. ಅದು ಬರುವ ಮೊದಲೇ ಬೆಳೆದು ದೊಡ್ಡವರಾಗಿದ್ದವರಿಗೆ ಬಾಲ್ಯದ ಸೋಂಕೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಅವರಲ್ಲಿ ಶೌಚಾಲಯವೂ ನಲ್ಲಿಯೂ ಇಲ್ಲದವರ ನಡುವೆ ವೈರಸ್ಸಿಗೆ ದಾರಿ ಸಿಕ್ಕಿತು. 2016ರಿಂದ 2018ರವರೆಗೆ ಯೂರೋಪಿನ ಹಲವು ದೇಶಗಳಲ್ಲಿ ಪುರುಷರೊಂದಿಗೆ ಲೈಂಗಿಕ ಸಂಪರ್ಕವಿರುವ ಪುರುಷರಲ್ಲಿ ಹರಡಿದ ಸೋಂಕೂ ಇಂಥದ್ದೇ.

ಸೋಂಕು ಕಡಿಮೆಯಿರುವ ದೇಶಗಳಿಗೆ ವೈರಸ್ ತಲುಪಲು ಆಹಾರದ ವ್ಯಾಪಾರವೂ ಒಂದು ಹಾದಿ. ಬೇಯಿಸದೆ ತಿನ್ನುವ, ದೂರದಿಂದ ಬರುವ ಪದಾರ್ಥಗಳು ಇಲ್ಲಿ ಮುಖ್ಯ. 2003ರಲ್ಲಿ ಪೆನ್ಸಿಲ್ವೇನಿಯದ ಒಂದು ಉಪಾಹಾರ ಗೃಹದಲ್ಲಿ ಊಟ ಮಾಡಿದ ಸುಮಾರು 600 ಮಂದಿಗೆ ಸೋಂಕು ಹರಡಿದ್ದು ಮೆಕ್ಸಿಕೊದಲ್ಲಿ ಬೆಳೆದ ಈರುಳ್ಳಿ ಸೊಪ್ಪಿನಿಂದ. 2013ರಲ್ಲಿ ಇಟಲಿಯಲ್ಲಿ ಶುರುವಾದ ದೊಡ್ಡ ಪಿಡುಗಿಗೆ ಶೈತ್ಯೀಕರಿಸಿದ ಬೆರ್ರಿ ಹಣ್ಣುಗಳ ಮಿಶ್ರಣ ಕಾರಣವೆಂದು ಗೊತ್ತಾಯಿತು. ಸೋಂಕಿನಿಂದ ಕಾಯಿಲೆ ಏಳಲು ಸಾಮಾನ್ಯವಾಗಿ ನಾಲ್ಕು ವಾರ ಬೇಕು. ಅಷ್ಟರಲ್ಲಿ ತಿಂದದ್ದೇನೆಂಬ ನೆನಪು ಮಾಸಿರುತ್ತದೆ, ಹಣ್ಣಿನ ಪೊಟ್ಟಣ ಕಸಕ್ಕೆ ಹೋಗಿರುತ್ತದೆ. ರೋಗಿಗಳಿಂದ ಸಿಕ್ಕ ವೈರಸ್ಸಿನ ಜೀನು ಸರಣಿಗಳನ್ನು ಹೋಲಿಸಿ ಬೇರೆ ಬೇರೆ ದೇಶಗಳ ಪ್ರಕರಣಗಳನ್ನು ಒಂದೇ ಮೂಲಕ್ಕೆ ಜೋಡಿಸುವ ವಿಧಾನ ಈಗ ನೆರವಿಗೆ ಬಂದಿದೆ.

ಇಡೀ ಜಗತ್ತಿನ ಮೊತ್ತ ಅಂದಾಜಿನದು. ಲಕ್ಷಣವಿಲ್ಲದ ಸೋಂಕನ್ನು ಯಾವ ಆಸ್ಪತ್ರೆಯೂ ಎಣಿಸುವುದಿಲ್ಲ. ಜಾಗತಿಕ ರೋಗಭಾರ ಅಧ್ಯಯನದ ಪ್ರಕಾರ 1990ರಲ್ಲಿ ವರ್ಷಕ್ಕೆ ಸುಮಾರು 14 ಕೋಟಿ ಇದ್ದ ಹೊಸ ಸೋಂಕುಗಳು 2019ರಲ್ಲಿ ಸುಮಾರು 16 ಕೋಟಿಯಾದವು. ಅಷ್ಟೇ ಅವಧಿಯಲ್ಲಿ ಜಗತ್ತಿನ ಜನಸಂಖ್ಯೆ 530 ಕೋಟಿಯ ಆಸುಪಾಸಿನಿಂದ 770 ಕೋಟಿಯ ಆಸುಪಾಸಿಗೆ ಏರಿತ್ತು. ಸೋಂಕು ಜನಸಂಖ್ಯೆಯ ವೇಗದಲ್ಲಿ ಬೆಳೆಯಲಿಲ್ಲ, ಆದರೆ ಕರಗಲೂ ಇಲ್ಲ. ಸಾವಿನ ಅಂದಾಜುಗಳಲ್ಲಿ ದೊಡ್ಡ ಅಂತರವಿದೆ. ವಿಶ್ವ ಆರೋಗ್ಯ ಸಂಸ್ಥೆ 2016ಕ್ಕೆ ಕೊಟ್ಟ ಲೆಕ್ಕ 7 ಸಾವಿರದ ಆಸುಪಾಸಿನದು. ರೋಗಭಾರ ಅಧ್ಯಯನ 2019ಕ್ಕೆ ಕೊಟ್ಟದ್ದು 39 ಸಾವಿರ. ಎರಡರ ಲೆಕ್ಕದ ಕ್ರಮ ಬೇರೆ. ಸೋಂಕಿನ ದೊಡ್ಡ ಪಾಲು ಇಂದಿಗೂ ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕದಲ್ಲೂ ದಕ್ಷಿಣ ಏಷ್ಯದಲ್ಲೂ ಇದೆ.

ಭಾರತ ಬಹುಕಾಲ ಹೆಚ್ಚು ಸೋಂಕಿನ ದೇಶವೆಂದೇ ಗಣನೆಯಲ್ಲಿತ್ತು. 1955ರ ಕೊನೆಯಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ, ಸುಮಾರು 29 ಸಾವಿರ ಮಂದಿಗೆ ಕಾಮಾಲೆಯಾದ ಘಟನೆ ವೈದ್ಯಕೀಯ ಚರಿತ್ರೆಯಲ್ಲಿ ಪ್ರಸಿದ್ಧ. ಅದು ಹೆಪಟೈಟಿಸ್ ಎ ಎಂದೇ ಪಠ್ಯಪುಸ್ತಕಗಳು ಬಹಳ ವರ್ಷ ಹೇಳಿದವು. ಕಾದಿರಿಸಿದ್ದ ರಕ್ತದ ಮಾದರಿಗಳನ್ನು 1980ರ ಸುಮಾರಿಗೆ ಹೊಸ ವಿಧಾನದಿಂದ ಪರೀಕ್ಷಿಸಿದಾಗ ಅದು ಎ ಅಲ್ಲವೆಂದು ಖಚಿತವಾಯಿತು. ಅದಕ್ಕೆ ಕಾರಣವಾದ ಬೇರೆಯೇ ವೈರಸ್ಸಿಗೆ ಈಗ ಹೆಪಟೈಟಿಸ್ ಇ ಎಂದು ಹೆಸರು. ಅಂದಿನ ದೆಹಲಿಯ ವಯಸ್ಕರೆಲ್ಲ ಬಾಲ್ಯದಲ್ಲೇ ಎ ಸೋಂಕನ್ನು ದಾಟಿ ಬಂದವರಾದ್ದರಿಂದ, ಚರಂಡಿ ನೀರು ಕುಡಿದರೂ ಅವರಲ್ಲಿ ಎ ಪಿಡುಗು ಏಳಲು ಆಸ್ಪದವಿರಲಿಲ್ಲ.

ಆ ಪರಿಸ್ಥಿತಿ ಈಗ ದೇಶದ ಎಲ್ಲೆಡೆ ಇಲ್ಲ. ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ 1982ರಿಂದ 1998ರವರೆಗಿನ ರಕ್ತದ ಮಾದರಿಗಳನ್ನು ಹೋಲಿಸಿ ನೋಡಿದಾಗ, ನಗರದ ಮೇಲುಮಧ್ಯಮ ವರ್ಗದವರಲ್ಲಿ ಪ್ರತಿಕಾಯಗಳ ಪ್ರಮಾಣ ಇಳಿದಿತ್ತು. ಹಳ್ಳಿಗಳಲ್ಲಿ ಮೊದಲಿನಂತೆಯೇ ಇತ್ತು. ಅಂದರೆ ಒಂದೇ ದೇಶದೊಳಗೆ, ಒಂದೇ ಜಿಲ್ಲೆಯೊಳಗೆ ಎರಡು ಹಂತಗಳು ಅಕ್ಕಪಕ್ಕದಲ್ಲಿವೆ. ಬಡಾವಣೆಯ ಮನೆಯಲ್ಲಿ ಫಿಲ್ಟರ್ ನೀರು ಕುಡಿದು ಬೆಳೆದ ಹುಡುಗ ಕಾಲೇಜು ಹಾಸ್ಟೆಲಿನ ಸಂಪಿನ ನೀರು, ಬೀದಿ ಬದಿಯ ಕಬ್ಬಿನ ಹಾಲಿನ ಐಸು, ಮದುವೆ ಮನೆಯ ಪಾನಕಕ್ಕೆ ಮೊದಲ ಬಾರಿ ಬಾಯಿ ಒಡ್ಡುವುದು ಹದಿನೆಂಟು ಇಪ್ಪತ್ತರಲ್ಲಿ. ಸೋಂಕು ಬಂದರೆ ಆ ವಯಸ್ಸಿನಲ್ಲಿ ಅದು ಕಾಮಾಲೆಯಾಗಿಯೇ ತೀರುವ ಸಂಭವ ಹೆಚ್ಚು.

ಈ ಬದಲಾವಣೆ ಎದ್ದು ಕಾಣುವುದು ಕೇರಳದಲ್ಲಿ. 2005ರಲ್ಲಿ ಕೊಟ್ಟಾಯಂನಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಎ ಹರಡಿತು. 2024ರ ಬೇಸಿಗೆಯಲ್ಲಿ ಎರ್ನಾಕುಲಂ ಜಿಲ್ಲೆಯ ವೇಂಗೂರು ಪಂಚಾಯಿತಿಯಲ್ಲಿ ಕೊಳಾಯಿ ನೀರಿನ ಮೂಲಕ 200ಕ್ಕೂ ಹೆಚ್ಚು ಮಂದಿ ಸೋಂಕಿಗೆ ಸಿಕ್ಕಿದರು. ಅದೇ ವರ್ಷ ಮಲಪ್ಪುರಂ ಜಿಲ್ಲೆಯಲ್ಲೂ ಸೋಂಕು ಹಬ್ಬಿ ಸಾವುಗಳಾದವು. ಸಾಕ್ಷರತೆ, ಶಿಶು ಆರೋಗ್ಯ, ಮನೆಮನೆಯ ಶೌಚಾಲಯ ಇವುಗಳಲ್ಲಿ ಕೇರಳ ಮುಂದಿದೆ. ಇಷ್ಟಾಗಿಯೂ ಅಲ್ಲಿ ಮನೆಗೊಂದು ತೆರೆದ ಬಾವಿ, ಅದಕ್ಕೆ ಹತ್ತಿರದಲ್ಲೇ ಶೌಚದ ಗುಂಡಿ ಇರುವುದು ಸಾಮಾನ್ಯ. ಮಳೆ ಬಂದು ನೆಲದ ನೀರು ಏರಿದರೆ ಎರಡೂ ಒಂದಾಗುತ್ತವೆ. ಶೌಚಾಲಯ ಕಟ್ಟಿದ್ದರಿಂದ ಮಕ್ಕಳ ಸೋಂಕು ತಗ್ಗಿತು. ಗುಂಡಿಯ ಮಲ ಬಾವಿಗೆ ಇಳಿಯುವುದು ನಿಲ್ಲಲಿಲ್ಲ. ಶಾಂಘೈಯಲ್ಲಿ ಕಡಲಿನ ಪಾತ್ರ ಏನಿತ್ತೋ ಇಲ್ಲಿ ಅದು ಬಾವಿಯದು.

ಮುಂದಿನ ದಾರಿಯ ಬಗ್ಗೆ ಎರಡು ಮಾತುಗಳಿವೆ. ಮೊದಲನೆಯದು ನೀರಿನದು. ಕೊಳಾಯಿಯ ಕೊನೆಯ ತುದಿಯಲ್ಲೂ ಕ್ಲೋರಿನ್ ಉಳಿದಿರಬೇಕು, ನೀರಿನ ಪೈಪು ಮತ್ತು ಚರಂಡಿಯ ಪೈಪು ಒಂದನ್ನೊಂದು ದಾಟುವ ಕಡೆ ಸೋರಿಕೆ ಇರಬಾರದು, ಗುಂಡಿಯ ಮಲವನ್ನು ತೆಗೆದ ಮೇಲೆ ಸಂಸ್ಕರಿಸಬೇಕು. ರೋಗಿಯನ್ನು ಬೇರೆ ಇರಿಸುವುದರಿಂದ ಆಗುವ ಪ್ರಯೋಜನ ಕಡಿಮೆ. ಕಣ್ಣು ಹಳದಿಯಾಗುವುದಕ್ಕೆ ಎರಡು ವಾರ ಮೊದಲಿನಿಂದಲೇ ಮಲದಲ್ಲಿ ವೈರಸ್ ಹೇರಳವಾಗಿ ಹೋಗುತ್ತಿರುತ್ತದೆ. ಕಾಯಿಲೆಗೆ ನೇರವಾದ ಔಷಧ ಇಲ್ಲದ್ದರಿಂದ ತಡೆಯುವುದೇ ಚಿಕಿತ್ಸೆ.

ಎರಡನೆಯದು ಲಸಿಕೆಯದು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಇದನ್ನು ಒಂದೇ ಸಮ ಶಿಫಾರಸು ಮಾಡುವುದಿಲ್ಲ. ಎಲ್ಲ ಮಕ್ಕಳೂ ಎಳವೆಯಲ್ಲೇ ಸೋಂಕು ದಾಟುವ ಪ್ರದೇಶಕ್ಕೆ ಅದರ ಅಗತ್ಯ ಅಷ್ಟಿಲ್ಲ. ಹೆಚ್ಚು ಸೋಂಕಿನಿಂದ ಮಧ್ಯಮಕ್ಕೆ ಇಳಿಯುತ್ತಿರುವ, ದೊಡ್ಡ ಮಕ್ಕಳಲ್ಲೂ ವಯಸ್ಕರಲ್ಲೂ ಕಾಯಿಲೆ ಹೆಚ್ಚುತ್ತಿರುವ ದೇಶಗಳು, ಖರ್ಚನ್ನೂ ತೂಗಿ ನೋಡಿ, ಒಂದು ವರ್ಷ ತುಂಬಿದ ಮಕ್ಕಳಿಗೆ ಕೊಡಲು ಶುರುಮಾಡಬೇಕು ಎಂಬುದು ಅದರ ನಿಲುವು. ಭಾರತದಲ್ಲಿ ಈ ಲಸಿಕೆ ಸರ್ಕಾರದ ಸಾರ್ವತ್ರಿಕ ಕಾರ್ಯಕ್ರಮದಲ್ಲಿ ಇಲ್ಲ. ಮಕ್ಕಳ ತಜ್ಞರ ಸಲಹೆಯಂತೆ, ಹಣ ಕೊಡಬಲ್ಲವರು ಹಾಕಿಸುತ್ತಾರೆ. 2024ರಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ದೇಶದಲ್ಲೇ ಅಭಿವೃದ್ಧಿಪಡಿಸಿದ ನಿಷ್ಕ್ರಿಯ ಲಸಿಕೆಯನ್ನು ಹೊರತಂದಿದೆ. ಇಡೀ ದೇಶಕ್ಕೆ ಒಂದೇ ತೀರ್ಮಾನ ಹೊಂದದಿರಬಹುದು. ಯಾವ ರಾಜ್ಯ, ಯಾವ ಜಿಲ್ಲೆ ಯಾವ ಹಂತದಲ್ಲಿದೆ ಎಂಬುದನ್ನು ವಯಸ್ಸುವಾರು ರಕ್ತಪರೀಕ್ಷೆಯ ಸಮೀಕ್ಷೆಗಳು ಹೇಳಬೇಕು. ಕಾಮಾಲೆ ಕಂಡಾಗ ಅದು ಎ ಯೋ, ಇ ಯೋ, ಬೇರೆಯದೋ ಎಂದು ಪರೀಕ್ಷಿಸಿ ದಾಖಲಿಸುವ ಪದ್ಧತಿ ತಾಲ್ಲೂಕು ಆಸ್ಪತ್ರೆಯವರೆಗೂ ಬೇಕು. ನೀರು ಪೂರ್ತಿ ಶುದ್ಧವಾಗುವವರೆಗಿನ ಮಧ್ಯದ ಹಂತ ಕೆಲವು ದಶಕಗಳಷ್ಟು ಉದ್ದವಿರುತ್ತದೆ. ಆ ಅವಧಿಯಲ್ಲಿ ಬೆಳೆಯುವ ಮಕ್ಕಳಿಗೆ ಬಾಲ್ಯದ ಸೋಂಕು ಕೊಡುತ್ತಿದ್ದ ರಕ್ಷಣೆಯನ್ನು, ಅದರ ಅಪಾಯವಿಲ್ಲದೆ ಲಸಿಕೆ ಕೊಡಬಲ್ಲದು. ಇಸ್ರೇಲ್, ಅರ್ಜೆಂಟಿನ ಮತ್ತು ಚೀನದ ಅನುಭವ ಇದನ್ನು ಸ್ಥಿರಪಡಿಸಿದೆ.